ಒಂದೇ ಟರ್ಮಿನಲ್, ಇಬ್ಬರು ಹಕ್ಕುದಾರರು

ಟರ್ಬೊ ಸಿಯಲ್ಲಿ ಪ್ರೋಗ್ರಾಮಿಂಗ್ ಕಲಿತ ತಲೆಮಾರಿಗೆ ಆಲ್ಟ್ ಎಫ್5 ಗೊತ್ತಿರುತ್ತದೆ. ನೀಲಿ ಪರದೆಯ ಮೇಲೆ ನಮ್ಮ ಕೋಡ್. ಎಫ್7 ಒತ್ತಿದರೆ ಫಂಕ್ಷನ್ನಿನ ಒಳಕ್ಕೆ, ಎಫ್8 ಒತ್ತಿದರೆ ಅದನ್ನು ದಾಟಿ ಮುಂದಿನ ಸಾಲಿಗೆ. ಆಲ್ಟ್ ಎಫ್5 ಒತ್ತಿದರೆ ನೀಲಿ ಸರಿದು, ನಮ್ಮ ಪ್ರೋಗ್ರಾಮು ಅಲ್ಲಿಯವರೆಗೆ ಏನೇನು ಬರೆದಿತ್ತೋ ಆ ಕಪ್ಪು ಪರದೆ ಎದುರಿಗೆ ಬರುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಅದನ್ನು ಉಸಿರಾಡಿದಷ್ಟು ಸಹಜವಾಗಿ ಬಳಸುತ್ತಿದ್ದೆವು. ಡೀಬಗ್ಗರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಆ ಒಂದು ಕೀಲಿಯ ಬೆಲೆ ತಿಳಿಯಿತು.

ಡಾಸ್ ಕಾಲದಲ್ಲಿ ಪಠ್ಯದ ಪರದೆ ಎಂದರೆ ಮೆಮೊರಿಯ ಒಂದು ತುಂಡು. ಬಣ್ಣದ ಮಾನಿಟರಿನಲ್ಲಿ ಅದು ಬಿ800 ಎಂಬ ಸೆಗ್ಮೆಂಟಿನಿಂದ ಶುರು. 80 ಕಾಲಂ, 25 ಸಾಲು. ಒಂದೊಂದು ಮನೆಗೆ ಎರಡು ಬೈಟ್, ಅಕ್ಷರಕ್ಕೊಂದು, ಬಣ್ಣಕ್ಕೊಂದು. ಒಟ್ಟು 4000 ಬೈಟ್. ಅಷ್ಟನ್ನು ಬೇರೆಡೆ ನಕಲು ಮಾಡಿಟ್ಟರೆ ಪರದೆ ಉಳಿಯಿತು, ತಿರುಗಿ ಅಲ್ಲೇ ಹಾಕಿದರೆ ಪರದೆ ಮರಳಿತು. ಡೀಬಗ್ಗರಿಗೂ ಅದು ತಪಾಸಣೆ ಮಾಡುವ ಪ್ರೋಗ್ರಾಮಿಗೂ ಇರುವುದು ಒಂದೇ ಪರದೆಯಾದರೂ ಇಬ್ಬರಿಗೂ ತಮ್ಮದೇ ಪರದೆ ಇದ್ದ ಹಾಗೆ ನಡೆಯುತ್ತಿತ್ತು.

ಯುನಿಕ್ಸ್ ಜಗತ್ತಿನ ಟರ್ಮಿನಲ್ ಹಾಗಲ್ಲ. ಅದು ತಂತಿಯ ಆಚೆ ತುದಿಯಲ್ಲಿರುವ ಬೇರೆಯೇ ಯಂತ್ರ. 1978ರಲ್ಲಿ ಡಿಜಿಟಲ್ ಕಂಪನಿ ತಂದ ವಿಟಿ100ರ ನಡಾವಳಿಯೇ ಇವತ್ತಿಗೂ ನಮ್ಮ ಲಿನಕ್ಸ್ ಟರ್ಮಿನಲ್‌ಗಳ ತಳಪಾಯ. ನಾವು ಬೈಟ್‌ಗಳನ್ನು ಕಳಿಸುತ್ತೇವೆ, ಅದು ಚಿತ್ರಿಸುತ್ತದೆ. ಈಗ ನಿನ್ನ ಮೇಲೆ ಏನು ಕಾಣುತ್ತಿದೆ ಎಂದು ಕೇಳಿದರೆ ಉತ್ತರ ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಕರ್ಸರ್ ಎಲ್ಲಿದೆ ಎಂದು ಹೇಳುತ್ತದೆ, ಅಷ್ಟೇ. ಆಲ್ಟ್ ಎಫ್5 ಮಾಡಲು ಬೇಕಾದ ಮೊದಲ ಸಾಮಾನೇ ಇಲ್ಲಿ ಕೈಗೆ ಸಿಗುವುದಿಲ್ಲ.

ಡೀಬಗ್ಗರಿನ ಕೆಲಸ ಪಾಲಿಗೆ ಬಂದಾಗ ನಾನಿದ್ದದ್ದು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ. ಶೀತಲೀಕರಣ ಘಟಕಗಳನ್ನು ನಿಯಂತ್ರಿಸುವ ಪೆಟ್ಟಿಗೆ ನಮ್ಮ ಉತ್ಪನ್ನ: ಒಳಗೆ ಇಂಟೆಲ್ ಮಾದರಿಯ ಪ್ರೊಸೆಸರ್ ಕೂತ ಅಂಗೈಯಗಲದ ಬೋರ್ಡು, ಅದರಲ್ಲಿ ಸಣ್ಣದಾಗಿ ಕಟ್ಟಿದ ಲಿನಕ್ಸ್, ಹೊರಗೆ ಒಂದು ಸೀರಿಯಲ್ ಪೋರ್ಟು. ಆ ಪೋರ್ಟಿಗೆ ಸಿಕ್ಕಿಸಿದ ಟರ್ಮಿನಲ್ಲೇ ಆಪರೇಟರನ ಕಣ್ಣು. ಕೋಣೆಗಳ ಉಷ್ಣತೆ, ಕಂಪ್ರೆಸರ್ ಸ್ಥಿತಿ, ಕೊನೆಯ ಎಚ್ಚರಿಕೆ ಎಲ್ಲವೂ ಅದರ ಮೇಲೆ. ನಿಯಂತ್ರಣದ ಪ್ರೋಗ್ರಾಮು ಸಿ ಭಾಷೆಯಲ್ಲಿತ್ತು, ಎಸ್ಕೇಪ್ ಕೋಡ್‌ಗಳನ್ನು ನೇರವಾಗಿ ಪ್ರಿಂಟ್‌ಎಫ್ ಮಾಡಿ ಪರದೆ ಬರೆಯುತ್ತಿತ್ತು.

ಅದರಲ್ಲಿ ತಪ್ಪು ಹುಡುಕಬೇಕೆಂದರೆ ಜಿಡಿಬಿ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಶುರುಮಾಡಿದ ಆ ಡೀಬಗ್ಗರಿನ ಋಣ ನಮ್ಮ ಮೇಲೆ ಬಹಳ ದೊಡ್ಡದು, ಅದನ್ನು ಹಗುರಾಗಿ ಹೇಳಲಾರೆ. ಆದರೆ ನಮ್ಮ ಬೋರ್ಡಿನ ಮೆಮೊರಿಗೆ ಅದು ಭಾರ. ಲಿಸ್ಟ್ ಎಂದು ಟೈಪ್ ಮಾಡಿದರೆ ಹತ್ತು ಸಾಲು, ಮತ್ತೆ ಲಿಸ್ಟ್ ಎಂದರೆ ಇನ್ನು ಹತ್ತು. ಎರಡು ಸಲ ಸ್ಟೆಪ್ ಮಾಡಿದ ಮೇಲೆ ಮೊದಲಿನ ಸಾಲುಗಳು ಮೇಲೆ ಸರಿದು ಕಾಣೆ. ಕಿಟಕಿಗಳಿರುವ ಅದರ ಪಠ್ಯ ಮುಖವನ್ನು ತೆರೆದರೆ, ನಮ್ಮ ಪ್ರೋಗ್ರಾಮು ಬರೆಯುವ ಉಷ್ಣತೆಯ ಅಂಕಿಗಳು ಕೋಡಿನ ಮಧ್ಯೆಯೇ ಬಂದು ಕೂರುತ್ತಿದ್ದವು. ಕಂಟ್ರೋಲ್ ಎಲ್ ಒತ್ತಿ ಪರದೆ ತೊಳೆದರೆ ಕೋಡ್ ಕಾಣುತ್ತದೆ, ಅಂಕಿಗಳು ಹೋಗುತ್ತವೆ. ನಮಗೆ ಬೇಕಾದದ್ದು ಎರಡೂ. ತಂಡದ ಹಿರಿಯರೊಬ್ಬರು, ನಮ್ಮ ಬೋರ್ಡಿಗೆ ಹೊಂದುವ ಚಿಕ್ಕದೊಂದನ್ನು ನಾವೇ ಬರೆಯೋಣ ಎಂದರು. ಒಳಗಿನ ಎಂಜಿನ್ನಿನಲ್ಲಿ ಅವರ ಕೈ ಬಹಳಷ್ಟಿತ್ತು. ಮುಖ ಪೂರ್ತಿ ನನ್ನದು.

ಎಂಜಿನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಲ್ಲಿ ಕಲಿತ ಶಿಸ್ತನ್ನೇ ನಾನು ಮುಖಕ್ಕೂ ತಂದದ್ದು. ಲಿನಕ್ಸ್‌ನಲ್ಲಿ ಎಲ್ಲವೂ ನಿಂತಿರುವುದು ಪಿಟ್ರೇಸ್ ಎಂಬ ಒಂದೇ ಸಿಸ್ಟಂ ಕಾಲ್ ಮೇಲೆ. ಬ್ರೇಕ್‌ಪಾಯಿಂಟ್ ಹಾಕುವುದೆಂದರೆ ಪ್ರೋಗ್ರಾಮಿನ ಆ ಜಾಗದಲ್ಲಿರುವ ಒಂದು ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ 204 ಎಂಬ ಬೈಟ್ ಬರೆಯುವುದು. ಹದಿನಾರರ ಲೆಕ್ಕದಲ್ಲಿ ಸಿಸಿ. ಪ್ರೊಸೆಸರ್ ಅದನ್ನು ಮುಟ್ಟಿದ ಕೂಡಲೇ ಟ್ರ್ಯಾಪ್, ಕರ್ನಲ್ ನಮ್ಮನ್ನು ಎಬ್ಬಿಸುತ್ತದೆ. ಅಷ್ಟರಲ್ಲಿ ಇನ್‌ಸ್ಟ್ರಕ್ಷನ್ ಪಾಯಿಂಟರ್ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಅದನ್ನು ಒಂದು ಹಿಂದೆ ತಂದು, ಹಳೆಯ ಬೈಟ್ ಮರಳಿಸಿ, ಒಂದೇ ಒಂದು ಇನ್‌ಸ್ಟ್ರಕ್ಷನ್ ಓಡಿಸಿ, ಮತ್ತೆ ಸಿಸಿ ಹಾಕಿ, ಆಮೇಲೆ ಹೋಗಲು ಬಿಡಬೇಕು. ಮೆಮೊರಿಯನ್ನು ಬಳಕೆದಾರನಿಗೆ ತೋರಿಸುವಾಗಲೂ ನಾವು ಹಾಕಿದ ಸಿಸಿ ಕಾಣಬಾರದು. ಅಲ್ಲಿ ಮೊದಲಿದ್ದ ಬೈಟೇ ಕಾಣಬೇಕು. ಓಡುತ್ತಿರುವ ಪ್ರೋಗ್ರಾಮಿಗೆ ಅಂಟಿಕೊಂಡು ನೋಡಿ, ಬಿಟ್ಟು ಬರುವಾಗ ಒಂದು ಸಿಸಿ ಉಳಿದರೂ ಸಾಕು, ಯಾರೂ ನೋಡದ ಹೊತ್ತಿನಲ್ಲಿ ಅದನ್ನು ತುಳಿದು ಪ್ರೋಗ್ರಾಮು ಸಾಯುತ್ತದೆ. ಬಾಡಿಗೆ ಮನೆ ಬಿಡುವವರು ಗೋಡೆಗೆ ಹೊಡೆದ ಮೊಳೆಗಳನ್ನೆಲ್ಲ ಕಿತ್ತು, ತೂತು ಮುಚ್ಚಿ ಬೀಗದ ಕೈ ಕೊಡುವ ಹಾಗೆ, ಡೀಬಗ್ಗರ್ ಹೊರಬರುವಾಗ ಮುಟ್ಟಿದ್ದೆಲ್ಲವೂ ಮೊದಲಿದ್ದಂತೆ ಇರಬೇಕು. ಸಾಲಿನ ಸಂಖ್ಯೆಗಳನ್ನು ಕಂಪೈಲರ್ ಬರೆದಿಡುವ ಡ್ವಾರ್ಫ್ ಮಾಹಿತಿಯಿಂದ ಹೆಕ್ಕುವುದು ಇನ್ನೊಂದು ದೊಡ್ಡ ಕಥೆ; ಅದು ಹಿರಿಯರು ಬರೆದದ್ದು, ನಾನು ಬಳಸಿದ್ದು.

ನನ್ನ ಭಾಗಕ್ಕೆ ಕರ್ಸಸ್ ಲೈಬ್ರರಿ ಇತ್ತು. ಬಿಲ್ ಜಾಯ್ ವಿಐ ಎಡಿಟರಿಗಾಗಿ ಬರೆದಿದ್ದ ಕರ್ಸರ್ ಓಡಿಸುವ ಕೋಡನ್ನು ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಬಿಡಿಸಿ ಲೈಬ್ರರಿ ಮಾಡಿದ್ದು ಅದರ ಮೂಲ. ರೋಗ್ ಎಂಬ ಆಟ ಅದರ ಮೊದಲ ದೊಡ್ಡ ಗಿರಾಕಿ. ಅದರ ಬುದ್ಧಿವಂತಿಕೆ ನಿಜವಾಗಿ ಅರ್ಥವಾಗಬೇಕಾದರೆ ನಿಧಾನದ ತಂತಿಯಲ್ಲಿ ಕೆಲಸ ಮಾಡಬೇಕು. ನಮ್ಮ ಸೀರಿಯಲ್ ಪೋರ್ಟು 9600 ಬಾಡ್. ಒಂದು ಅಕ್ಷರಕ್ಕೆ ಶುರುವಿನ ಮತ್ತು ಕೊನೆಯ ಬಿಟ್ ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ವಿಟಿ100 ಪರದೆ 80 ಕಾಲಂ, 24 ಸಾಲು, 1920 ಮನೆ. ಇಡೀ ಪರದೆ ಹೊಸದಾಗಿ ಬರೆದರೆ ಎರಡು ಸೆಕೆಂಡ್. ಪ್ರತಿ ಸ್ಟೆಪ್ಪಿಗೂ ಎರಡು ಸೆಕೆಂಡ್ ಕಾಯುವ ಡೀಬಗ್ಗರನ್ನು ಯಾರೂ ಮುಟ್ಟುವುದಿಲ್ಲ. ಟರ್ಮಿನಲ್ ಮೇಲೆ ಈಗ ಏನಿದೆ, ಇನ್ನು ಏನಿರಬೇಕು ಎಂಬ ಎರಡು ಚಿತ್ರಗಳನ್ನು ಕರ್ಸಸ್ ತನ್ನಲ್ಲೇ ಇಟ್ಟುಕೊಂಡು, ವ್ಯತ್ಯಾಸವನ್ನಷ್ಟೇ ತಂತಿಗೆ ಹಾಕುತ್ತದೆ. ಎಲ್ಲ ಕಿಟಕಿಗಳ ಬದಲಾವಣೆಯನ್ನು ಮೊದಲು ಒಟ್ಟು ಮಾಡಿ ಕೊನೆಗೊಮ್ಮೆ ಡೂಅಪ್‌ಡೇಟ್ ಕರೆಯುವ ಕ್ರಮ ಹಿಡಿದ ಮೇಲೆ ಒಂದು ಸ್ಟೆಪ್ಪಿಗೆ ಕೆಲವೇ ಹತ್ತು ಬೈಟ್ ಹರಿಯತೊಡಗಿದವು.

24 ಸಾಲುಗಳನ್ನು ಹಂಚುವುದೇ ಒಂದು ಪಂಚಾಯಿತಿ. ಕೋಡಿಗೆ ಎಷ್ಟು, ರಿಜಿಸ್ಟರಿಗೆ ಎಷ್ಟು, ಸ್ಟ್ಯಾಕಿಗೆ ಎಷ್ಟು? ಹಿರಿಯರು ರಿಜಿಸ್ಟರುಗಳನ್ನು ನೋಡಿಯೇ ಯೋಚಿಸುವವರು, ಅವು ಸದಾ ಕಣ್ಣೆದುರು ಇರಬೇಕೆಂದರು. ಕೋಡಿಗೆ ಕನಿಷ್ಠ 13 ಸಾಲು ಬೇಕೆಂದು ನಾನು ಪಟ್ಟು ಹಿಡಿದೆ. ಒಂದು ಸಾಧಾರಣ ಫಂಕ್ಷನ್ನಿನ ಮೈ ಅಷ್ಟರಲ್ಲಿ ಕಾಣುತ್ತದೆ. ಅದಕ್ಕಿಂತ ಕಮ್ಮಿಯಾದರೆ ಓದುವವನಿಗೆ ತಾನು ಎಲ್ಲಿದ್ದೇನೆಂಬುದೇ ತಪ್ಪಿಹೋಗುತ್ತದೆ. ಕೊನೆಗೆ ರಿಜಿಸ್ಟರುಗಳು ಬಲಗಡೆ ಉದ್ದಕ್ಕೆ ನಿಂತವು, ಹಿಂದಿನ ಸ್ಟೆಪ್ಪಿನಿಂದ ಬದಲಾದವು ಮಾತ್ರ ತಿರುಗುಬಣ್ಣದಲ್ಲಿ. ಈ ಬದಲಾವಣೆಯ ಗುರುತೇ ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಕಣ್ಣು ಹನ್ನೆರಡು ಅಂಕಿಗಳನ್ನು ಓದಬೇಕಿಲ್ಲ, ಬೆಳಗಿದ ಒಂದಕ್ಕೆ ಹೋದರೆ ಸಾಕು.

ಸಾಲು ಸರಿಯುವ ರೀತಿಗೆ ನಾನು ಹೆಚ್ಚು ತಲೆ ಕೊಟ್ಟೆ. ಈಗಿನ ಸಾಲು ಯಾವಾಗಲೂ ಕಿಟಕಿಯ ನಟ್ಟನಡುವೆ ಇರಲಿ ಎಂದು ಬರೆಯುವುದು ಸುಲಭ. ಆದರೆ ಆಗ ಪ್ರತಿ ಸ್ಟೆಪ್ಪಿಗೂ ಕೋಡೆಲ್ಲ ಒಂದು ಸಾಲು ಜಿಗಿಯುತ್ತದೆ, ಬಾಣದ ಗುರುತು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಓದುವವನಿಗೆ ಬೇಕಾದದ್ದು ಇದರ ತದ್ವಿರುದ್ಧ: ಕೋಡ್ ನಿಂತಿರಬೇಕು, ಬಾಣ ನಡೆಯಬೇಕು. ಬಾಣ ಅಂಚಿಗೆ ಮೂರು ಸಾಲು ಹತ್ತಿರ ಬಂದಾಗ ಮಾತ್ರ ಕಿಟಕಿ ಸರಿಯಲಿ ಎಂದು ಬರೆದೆ. ಲೂಪಿನೊಳಗೆ ಸುತ್ತುವಾಗ ಪರದೆ ಕದಲದೆ, ಬಾಣ ಮೇಲೆ ಕೆಳಗೆ ಓಡುವುದು ಕಂಡಾಗ ಪ್ರೋಗ್ರಾಮಿನ ನಡಿಗೆಯೇ ಕಂಡ ಹಾಗಾಗುತ್ತಿತ್ತು. ಇವತ್ತಿಗೂ ಯಾವುದೇ ಡೀಬಗ್ಗರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಅಷ್ಟಾದರೂ ಮೂಲ ತೊಂದರೆ ಹಾಗೇ ಇತ್ತು. ಟರ್ಮಿನಲ್ ಒಂದು, ಹಕ್ಕುದಾರರು ಇಬ್ಬರು. ಮೊದಲು ಯೋಚಿಸಿದ ದಾರಿ, ಸರದಿಯ ಮೇಲೆ ಬಳಸುವುದು. ಪ್ರೋಗ್ರಾಮು ನಿಂತಾಗ ಅದರ ಟರ್ಮಿನಲ್ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಂಡು ನಮ್ಮವನ್ನು ಹಾಕುವುದು, ಮುಂದೆ ಬಿಡುವಾಗ ಅದರವನ್ನು ಮರಳಿಸುವುದು. ಯಾವ ಪ್ರೋಸೆಸ್ ಗುಂಪು ಮುನ್ನೆಲೆಯಲ್ಲಿದೆ ಎಂಬ ಲೆಕ್ಕವನ್ನೂ ಬದಲಿಸುತ್ತಿರಬೇಕು. ಹಿನ್ನೆಲೆಯಲ್ಲಿರುವ ಗುಂಪು ಟರ್ಮಿನಲ್ಲಿನ ಸೆಟ್ಟಿಂಗ್ ಮುಟ್ಟಿದರೆ ಕರ್ನಲ್ ಅದನ್ನು ನಿಲ್ಲಿಸಿಬಿಡುತ್ತದೆ, ಆದ್ದರಿಂದ ಆ ಸಿಗ್ನಲ್ಲನ್ನು ಡೀಬಗ್ಗರ್ ಕಡೆಗಣಿಸಬೇಕು. ಇದೆಲ್ಲ ಸಾಧ್ಯ, ಜಿಡಿಬಿಯೂ ಇದನ್ನೇ ಮಾಡುತ್ತದೆ. ಇದರಿಂದ ಕೀಲಿಮಣೆ ಸರಿಹೋಗುತ್ತದೆ, ಪರದೆ ಸರಿಹೋಗುವುದಿಲ್ಲ. ಪರದೆಯನ್ನು ಓದಲಾಗದು ಎಂದ ಮೇಲೆ ಮರಳಿಸುವುದಾದರೂ ಏನನ್ನು?

ಉಳಿದದ್ದು ಸೂಡೊ ಟರ್ಮಿನಲ್. ಕರ್ನಲ್ ಕೊಡುವ ಜೋಡಿ ತುದಿಗಳು ಅವು. ಒಂದು ತುದಿ ಪ್ರೋಗ್ರಾಮಿಗೆ ನಿಜವಾದ ಟರ್ಮಿನಲ್ಲಿನಂತೆಯೇ ಕಾಣುತ್ತದೆ. ಇನ್ನೊಂದು ನಮ್ಮ ಕೈಯಲ್ಲಿ. ಮಗು ಪ್ರೋಸೆಸ್ಸು ಹೊಸ ಸೆಷನ್ ಶುರುಮಾಡಿ, ಆ ತುದಿಯನ್ನು ತೆರೆದು, ಅದನ್ನೇ ತನ್ನ ಟರ್ಮಿನಲ್ ಎಂದು ನಂಬುತ್ತದೆ. ಅದು ಬರೆದದ್ದೆಲ್ಲ ನಮ್ಮ ಬಳಿಗೆ ಬೈಟ್ ಬೈಟಾಗಿ ಬರುತ್ತದೆ. ಈಗ ಟರ್ಮಿನಲ್ಲಿನ ಪಾತ್ರ ನಮ್ಮದು. 24 ಸಾಲು, 80 ಕಾಲಂಗಳ ಒಂದು ಅರೇ, ಕರ್ಸರ್ ಎಲ್ಲಿದೆ ಎಂಬ ಎರಡು ಅಂಕಿ, ಬಂದ ಎಸ್ಕೇಪ್ ಕೋಡನ್ನು ಅರ್ಥ ಮಾಡಿಕೊಳ್ಳುವ ಒಂದು ಸ್ಟೇಟ್ ಮಷಿನ್. ಡಾಸ್‌ನ ಆ 4000 ಬೈಟ್‌ಗಳನ್ನು ನಾವೇ ಕಟ್ಟಿಕೊಂಡ ಹಾಗಾಯಿತು.

ಎಸ್ಕೇಪ್ ಕೋಡ್ ಇಡಿಯಾಗಿ ಬರುತ್ತದೆಂಬ ಖಾತ್ರಿಯಿಲ್ಲ. ಒಂದು ಸಲ ಓದಿದಾಗ ಎಸ್ಕೇಪ್ ಬೈಟ್ ಮಾತ್ರ, ಮುಂದಿನ ಸಲ ಚೌಕ ಬ್ರ್ಯಾಕೆಟ್ಟು, ಅಂಕಿ, ಕೊನೆಯ ಅಕ್ಷರ. ಅದಕ್ಕೇ ಸ್ಟೇಟ್ ಮಷಿನ್ ತಾನು ಎಲ್ಲಿ ನಿಂತಿದ್ದೆ ಎಂಬುದನ್ನು ಒಂದು ಓದಿನಿಂದ ಇನ್ನೊಂದಕ್ಕೆ ನೆನಪಿಡಬೇಕು. ಬ್ರೇಕ್‌ಪಾಯಿಂಟ್ ತಟ್ಟಿದಾಗ ಕೊಳವೆಯಲ್ಲಿ ಇನ್ನೂ ಓದದ ಬೈಟ್‌ಗಳು ಉಳಿದಿರಬಹುದು. ಅವನ್ನು ಪೂರ್ತಿ ಬಸಿದುಕೊಂಡ ಮೇಲೆಯೇ ಪರದೆ ತೋರಿಸಬೇಕು. ಇಲ್ಲದಿದ್ದರೆ ಬಾಣ ಪ್ರಿಂಟ್‌ಎಫ್ ದಾಟಿ ನಿಂತಿರುತ್ತದೆ, ಪರದೆಯ ಮೇಲೆ ಬರೆದದ್ದು ಕಾಣುವುದಿಲ್ಲ. ನೋಡುವವನು ಇಲ್ಲದ ತಪ್ಪನ್ನು ಬೆನ್ನಟ್ಟಿ ಹೋಗುತ್ತಾನೆ. ಡೀಬಗ್ಗರ್ ಹೇಳುವ ಸುಳ್ಳು ಪ್ರೋಗ್ರಾಮಿನ ತಪ್ಪಿಗಿಂತ ಕೆಟ್ಟದ್ದು ಎಂಬುದು ನನ್ನ ಗಟ್ಟಿ ನಂಬಿಕೆ.

ಕಂಟ್ರೋಲ್ ಸಿ ವಿಚಾರವೂ ಇತ್ತು. ನಾವು ಆ ಬೈಟನ್ನು ಸೂಡೊ ಟರ್ಮಿನಲ್ಲಿಗೆ ದಾಟಿಸಿದರೆ ಕರ್ನಲ್ ಅದನ್ನು ಸಿಗ್ನಲ್ ಮಾಡುತ್ತದೆ; ಪಿಟ್ರೇಸ್ ಇರುವುದರಿಂದ ಸಿಗ್ನಲ್ ಮೊದಲು ನಮ್ಮ ಕೈಗೆ ಬರುತ್ತದೆ. ಆದರೆ ಪ್ರೋಗ್ರಾಮು ಟರ್ಮಿನಲ್ಲನ್ನು ಪೂರ್ತಿ ರಾ ಮೋಡಿಗೆ ಹಾಕಿದ್ದರೆ ಕಂಟ್ರೋಲ್ ಸಿ ಅದಕ್ಕೆ ಬರಿಯ ಇನ್ನೊಂದು ಕೀಲಿ. ಹಾಗಾಗಿ ಡೀಬಗ್ಗರಿಗೆಂದೇ ಒಂದು ಕೀಲಿ ಬೇರೆ ಬೇಕಾಯಿತು. ಟೆಲ್ನೆಟ್ ಬಳಸಿದವರ ಬೆರಳಿಗೆ ಕಂಟ್ರೋಲ್ ಮತ್ತು ಮುಚ್ಚುವ ಚೌಕ ಬ್ರ್ಯಾಕೆಟ್ ಅಭ್ಯಾಸವಿರುತ್ತದೆ, ಅದನ್ನೇ ಇಟ್ಟೆವು. ಪರದೆ ಮಗುಚಲು ಎಫ್5. ಆಲ್ಟ್ ಒತ್ತಿದ ಸಂಗತಿ ಸೀರಿಯಲ್ ಟರ್ಮಿನಲ್‌ಗಳಲ್ಲಿ ನೆಚ್ಚುವಂತೆ ಬರುವುದಿಲ್ಲ, ಇಲ್ಲದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ನಮ್ಮ ಅರೇ ಅನುಕರಿಸಬೇಕಿದ್ದ ಇನ್ನೊಂದು ಸಂಗತಿ 80ನೆಯ ಕಾಲಂ. ಸಾಲಿನ ಕೊನೆಯ ಮನೆಯಲ್ಲಿ ಅಕ್ಷರ ಬರೆದ ಕೂಡಲೇ ವಿಟಿ100 ಕರ್ಸರನ್ನು ಕೆಳಗಿನ ಸಾಲಿಗೆ ಒಯ್ಯುವುದಿಲ್ಲ. ಕರ್ಸರ್ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಅಕ್ಷರ ಬಂದರೆ ಮಾತ್ರ ಮೊದಲು ಕೆಳಗಿಳಿದು ಆಮೇಲೆ ಅದನ್ನು ಬರೆಯುತ್ತದೆ. ಕಟ್ಟಕಡೆಯ ಸಾಲಿನ ಕಟ್ಟಕಡೆಯ ಮನೆ ತುಂಬಿದರೆ ಪರದೆ ಹಾಗೇ ಇರುತ್ತದೆ. ಅದಾದ ಮೇಲೆ ಒಂದೇ ಅಕ್ಷರ ಹೆಚ್ಚು ಬಂದರೆ ಇಡೀ ಪರದೆ ಒಂದು ಸಾಲು ಮೇಲಕ್ಕೆ ಸರಿದು, ತಲೆಸಾಲು ಮಾಯವಾಗುತ್ತದೆ. ಈ ನಡತೆಯನ್ನು ನಮ್ಮ ಅರೇಯಲ್ಲಿ ಹಾಗೆಯೇ ತರಲು ಒಂದು ಸಣ್ಣ ಫ್ಲ್ಯಾಗ್ ಬೇಕು: ಇಳಿಯುವುದು ಬಾಕಿಯಿದೆ, ಇನ್ನೂ ಇಳಿದಿಲ್ಲ.

ಆ ಫ್ಲ್ಯಾಗೇ ನಮಗೆ ಬಹಳ ಕಾಲ ಕಾಡಿದ ಒಂದು ತಪ್ಪನ್ನು ಹಿಡಿದುಕೊಟ್ಟಿತು. ಕೆಲವು ಗಿರಾಕಿಗಳ ಘಟಕದಲ್ಲಿ ಆಪರೇಟರನ ಪರದೆಯ ಮೊದಲ ಸಾಲು ಆಗೊಮ್ಮೆ ಈಗೊಮ್ಮೆ ಕಾಣೆಯಾಗುತ್ತಿತ್ತು. ಅದರಲ್ಲಿದ್ದದ್ದು ಕಂಪ್ರೆಸರುಗಳ ಸ್ಥಿತಿ, ಹಾಗಾಗಿ ದೂರು ಸಣ್ಣದಲ್ಲ. ಕಚೇರಿಯಲ್ಲಿ ಎಷ್ಟು ಓಡಿಸಿದರೂ ಕಾಣದು. ಹೊಸ ಡೀಬಗ್ಗರಿನಲ್ಲಿ ನಮ್ಮದೇ ಆದ ಒಂದು ಬಗೆಯ ಬ್ರೇಕ್‌ಪಾಯಿಂಟ್ ಸೇರಿಸಿದೆವು: ಪರದೆಯ ಅರೇ ಯಾವಾಗ ಮೇಲಕ್ಕೆ ಸರಿಯುತ್ತದೋ ಆಗ ಪ್ರೋಗ್ರಾಮನ್ನು ನಿಲ್ಲಿಸು. ಟರ್ಮಿನಲ್ ನಮ್ಮೊಳಗೇ ಇದ್ದದ್ದರಿಂದ ಅದನ್ನು ಕೇಳಲು ಸಾಧ್ಯವಾಯಿತು. ಬೈಟ್ ನಮಗೆ ತಲುಪುವಷ್ಟರಲ್ಲಿ ಪ್ರೋಗ್ರಾಮು ಸ್ವಲ್ಪ ಮುಂದೆ ಹೋಗಿರುತ್ತದೆ ನಿಜ, ಆದರೆ ಅದು ಪರದೆ ಬರೆದು ಸ್ವಲ್ಪ ಹೊತ್ತು ಮಲಗುವ ಜಾತಿಯದು. ನಿಂತ ಜಾಗ ಬರೆದ ಜಾಗದ ಪಕ್ಕದಲ್ಲೇ. ಗಿರಾಕಿಯ ಘಟಕದಲ್ಲೇ ಹಚ್ಚಿ ಕಾದಾಗ ಅದು ನಿಂತಿತು. ಎಫ್5 ಒತ್ತಿದರೆ ಎಲ್ಲವೂ ಎದುರಿಗೇ ಇತ್ತು. ಕೊನೆಯ ಸಾಲಿನಲ್ಲಿ ಉದ್ದನೆಯ ಎಚ್ಚರಿಕೆ, ಅದರ ಬಾಲಕ್ಕೆ ಉಷ್ಣತೆ. ಮೈನಸ್ 9.8 ಇದ್ದಾಗ ಸಾಲು ಸರಿಯಾಗಿ 80ಕ್ಕೆ ಮುಗಿಯುತ್ತಿತ್ತು. ಮೈನಸ್ 10.1 ಆದಾಗ ಒಂದು ಅಂಕಿ ಹೆಚ್ಚು. ಉದ್ದದ ಎಚ್ಚರಿಕೆಯೂ ಆ ಚಳಿಯೂ ಒಟ್ಟಿಗೆ ಬಂದಾಗಷ್ಟೇ 81ನೆಯ ಅಕ್ಷರ ಹುಟ್ಟಿ ತಲೆಸಾಲನ್ನು ಹೊರಗೆ ತಳ್ಳುತ್ತಿತ್ತು. ಕಚೇರಿಯ ಕೃತಕ ಸೆನ್ಸರನ್ನು ಯಾರೂ ಮೈನಸ್ ಹತ್ತರ ಕೆಳಗೆ ಇಳಿಸಿರಲಿಲ್ಲ. ಹಿರಿಯರು ಅವತ್ತು ಘಟಕದಿಂದ ಫೋನ್ ಮಾಡಿ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದ ಸಂತೋಷ ನನ್ನ ಕಿವಿಯಲ್ಲಿ ಇನ್ನೂ ಇದೆ.

ಡೀಬಗ್ಗರ್ ತಾನೇ ಬಿದ್ದರೆ ಟರ್ಮಿನಲ್ ರಾ ಮೋಡಿನಲ್ಲೇ ಉಳಿದು, ಟೈಪ್ ಮಾಡಿದ್ದು ಕಾಣದೆ ಕುರುಡಾಗಿ ರೀಸೆಟ್ ಎಂದು ಹೊಡೆಯಬೇಕಾಗುತ್ತದೆ. ಅದನ್ನು ತಡೆಯುವ ಕೋಡನ್ನೂ, ಕಿಟಕಿ ಗಾತ್ರ ಬದಲಾದಾಗಿನ ಸಿಗ್ನಲ್ಲನ್ನು ಸದ್ದಿಲ್ಲದೆ ಪ್ರೋಗ್ರಾಮಿಗೆ ದಾಟಿಸುವುದನ್ನೂ ಆಮೇಲೆ ಸೇರಿಸಿದೆವು.

ಕಂಪನಿ ಬಿಟ್ಟ ಮೇಲೆ ನಾನು ಅದೇ ಕ್ರಮದಲ್ಲಿ ಹೊಸದಾಗಿ ಇನ್ನೊಂದನ್ನು ನನ್ನ ಸ್ವಂತಕ್ಕೆ ಬರೆದುಕೊಂಡೆ. ಆಗ ಕೈಯಲ್ಲಿದ್ದದ್ದು ಕನ್ನಡ ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಒಂದು ಪ್ರೋಗ್ರಾಮು. ವೇರಿಯಬಲ್‌ಗಳ ಕಿಟಕಿಯಲ್ಲಿ ಕನ್ನಡ ಪದ ಬಂದ ಕೂಡಲೇ ಬಲಗಡೆಯ ಗೆರೆ ಹಾವಿನಂತೆ ಸೊಟ್ಟಗಾಯಿತು. ಟರ್ಮಿನಲ್ ಲೆಕ್ಕ ಹಾಕುವುದು ಮನೆಗಳಲ್ಲಿ. ಯಾವ ಸಂಕೇತಕ್ಕೆ ಎಷ್ಟು ಮನೆ ಎಂದು ಹೇಳಲು ಮಾರ್ಕಸ್ ಕೂನ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಒಂದು ಫಂಕ್ಷನ್ ಇದೆ. ಅದರ ಪ್ರಕಾರ 'ಕಿ'ಗೆ ಒಂದು ಮನೆ, 'ಕಾ'ಗೆ ಎರಡು. ಗುಡಿಸು ಯುನಿಕೋಡಿನಲ್ಲಿ ಜಾಗ ತಿನ್ನದ ಗುರುತು, ಇಳಿ ಜಾಗ ತಿನ್ನುವ ಗುರುತು. 'ಕ್ಷ'ಕ್ಕೂ ಎರಡು, ಅದು ಮೂರು ಸಂಕೇತ, ಒಂಬತ್ತು ಬೈಟ್. ಫಾಂಟು ಬರೆಯುವ ಅಗಲ ಇದ್ಯಾವುದಕ್ಕೂ ಹೊಂದುವುದಿಲ್ಲ, ಒಂದೊಂದು ಟರ್ಮಿನಲ್ಲಿನಲ್ಲಿ ಒಂದೊಂದು ಥರ. ಗೆರೆ ನೇರ ಮಾಡಲು ಕನ್ನಡವನ್ನು ಹಿಂಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ಕಿಟಕಿಯ ಬಲಗೆರೆಯನ್ನೇ ತೆಗೆದೆ. ಎಡಗಡೆ ಬೈಟ್‌ಗಳು, ಅವು ಯಾವಾಗಲೂ ಸಾಲಾಗಿ ನಿಲ್ಲುತ್ತವೆ. ಬಲಗಡೆ ಪದ, ತನಗೆ ಬೇಕಾದಷ್ಟು ಹರಡಿಕೊಳ್ಳಲಿ, ಅದರ ಆಚೆ ಏನೂ ಬೇಡ.

ಹೀಗೆ ಅಕ್ಕಪಕ್ಕ ಇಟ್ಟದ್ದರಿಂದ ಪದಪಟ್ಟಿಯ ಒಂದು ಗೋಜಲು ಬೇಗ ಬಿಡಿಸಿಕೊಂಡಿತು. ಉದ್ದದ ಕೆಲವು ಪದಗಳ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಚೌಕ ಬರುತ್ತಿತ್ತು. ಪದಕ್ಕೆ ಮೀಸಲಿಟ್ಟದ್ದು 32 ಬೈಟ್, ಕೊನೆಯ ಸೊನ್ನೆಗೆ ಒಂದು ಹೋದರೆ 31. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಎಲ್ಲದರ ಮೊದಲ ಬೈಟೂ ಹದಿನಾರರ ಲೆಕ್ಕದಲ್ಲಿ ಇ0. ಹತ್ತು ಸಂಕೇತಕ್ಕೆ 30 ಮುಗಿದು, ಹನ್ನೊಂದನೆಯದರ ಇ0 ಒಂದೇ ಒಳಗೆ ಬಂದು ಉಳಿದೆರಡು ಹೊರಗೆ ಬಿದ್ದಿದ್ದವು. ಎಡಗಡೆಯ ಸಾಲಿನ ತುದಿಯಲ್ಲಿ ಇ0, ಅದರ ಪಕ್ಕ 00. ಪದಕ್ಕೆ ಮೀಸಲಿಟ್ಟ ಜಾಗ ಹೆಚ್ಚಿಸಿದೆ. ಅದರ ಜತೆಗೆ ಪದ ತುಂಡಾಗುವುದೇ ಆದರೆ ಮೂರರ ಅಂಚಿಗೆ ಮಾತ್ರವಲ್ಲ, ಇಡೀ ಅಕ್ಷರದ ಅಂಚಿಗೇ ತುಂಡಾಗುವಂತೆ, ಒತ್ತನ್ನೂ ಗುಣಿತವನ್ನೂ ಮೂಲ ಅಕ್ಷರದಿಂದ ಕಡಿಯದಂತೆ ಪದ ನಕಲಿಸುವ ಫಂಕ್ಷನ್ನನ್ನು ತಿರುಗಿ ಬರೆದೆ.